ಚಿಕ್ಕ ಅಡುಗೆಮನೆ: ಬಣ್ಣಕ್ಕೂ ಗೋಡೆಗೂ ಕೈಹಾಕುವ ಮುನ್ನ

ಪ್ರಶ್ನೆ: ನಮ್ಮ ಅಡುಗೆಮನೆ 7 ಅಡಿ ಅಗಲ, 9 ಅಡಿ ಉದ್ದ ಇದೆ. ಉದ್ದದ ಎರಡೂ ಗೋಡೆಗಳಿಗೆ ಎರಡೆರಡು ಅಡಿ ಅಗಲದ ಕಟ್ಟೆಗಳಿದ್ದು, ಅವುಗಳ ಮೇಲ್ಭಾಗದಲ್ಲಿ ಕಡು ಕಂದು ಬಣ್ಣದ ಕಪಾಟುಗಳಿವೆ. ಒಂದು ತುದಿಯಲ್ಲಿ ಕಿಟಕಿ, ಇನ್ನೊಂದು ತುದಿಯಲ್ಲಿ ಒಳಕ್ಕೆ ತೆರೆಯುವ ಎರಡೂವರೆ ಅಡಿಯ ಬಾಗಿಲು, ಬಾಗಿಲ ಪಕ್ಕದಲ್ಲೇ ಫ್ರಿಜ್. ಚಾವಣಿಯ ನಡುವೆ ಒಂದೇ ದೀಪ. ಇಬ್ಬರು ಒಟ್ಟಿಗೆ ನಿಂತರೆ ಉಸಿರು ಕಟ್ಟಿದಂತಾಗುತ್ತದೆ. ಗೋಡೆ ಒಡೆದು ಹಾಲ್‌ಗೆ ಸೇರಿಸಿಬಿಡಿ ಎಂದು ಕೆಲವರು, ಎಲ್ಲಕ್ಕೂ ಬಿಳಿ ಬಣ್ಣ ಬಳಿಸಿದರೆ ಸಾಕು ಎಂದು ಕೆಲವರು ಹೇಳುತ್ತಿದ್ದಾರೆ. ಯಾವುದನ್ನು ಮಾಡುವುದು ಸರಿ?

ಉತ್ತರ: ಎರಡನ್ನೂ ಸದ್ಯಕ್ಕೆ ಬದಿಗಿಡಿ. ಅಡುಗೆಮನೆ ಇಕ್ಕಟ್ಟೆನಿಸುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ: ಮೈ ಎಲ್ಲೆಲ್ಲಿ ತಾಗುತ್ತದೆ ಎಂಬುದು ಒಂದು, ನೋಟ ಎಲ್ಲೆಲ್ಲಿ ತಡೆದು ನಿಲ್ಲುತ್ತದೆ ಎಂಬುದು ಇನ್ನೊಂದು. ಬಣ್ಣದಿಂದ ಎರಡನೆಯದಕ್ಕೆ ಮಾತ್ರ, ಅದೂ ಅರೆಬರೆಯಾಗಿ, ಪರಿಹಾರ ಸಿಗುತ್ತದೆ. ಬಾಗಿಲು ತೆರೆದಾಗ ಬೆನ್ನಿಗೆ ಬಡಿಯುವ ಕೋಣೆಗೆ ಎಷ್ಟು ಬಿಳುಪು ಬಳಿದರೂ ಅದು ಬೆನ್ನಿಗೆ ಬಡಿಯುವ ಬಿಳಿಯ ಕೋಣೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲು ನೆಲದ ಲೆಕ್ಕ ನೋಡೋಣ. ಬೆಳಕು ಮತ್ತು ಬಣ್ಣಗಳ ಮಾತು ಅದರ ನಂತರ ಬರಲಿ.

ನಿಮ್ಮ ಕೋಣೆಯ ಒಟ್ಟು ವಿಸ್ತೀರ್ಣ 63 ಚದರ ಅಡಿ. ಎರಡೂ ಬದಿಯ ಕಟ್ಟೆ ಮತ್ತು ಫ್ರಿಜ್ ಸೇರಿ ಅದರಲ್ಲಿ 36 ಚದರ ಅಡಿಯನ್ನು ಹಿಡಿದಿವೆ. ನಿಲ್ಲುವುದಕ್ಕೆ, ತಿರುಗುವುದಕ್ಕೆ, ಬಗ್ಗುವುದಕ್ಕೆ ಉಳಿಯುವುದು ನಡುವಿನ 3 ಅಡಿ ಅಗಲದ ಓಣಿ, ಅಂದರೆ 27 ಚದರ ಅಡಿ ಮಾತ್ರ. ಎರಡೂವರೆ ಅಡಿಯ ಬಾಗಿಲು ಒಳಕ್ಕೆ ತೆರೆದುಕೊಳ್ಳುವಾಗ ಕಾಲು ವೃತ್ತದಷ್ಟು ನೆಲವನ್ನು ಸವರಿಕೊಂಡು ಹೋಗುತ್ತದೆ. ಅದು ಸುಮಾರು 5 ಚದರ ಅಡಿ. ಆ ಜಾಗದಲ್ಲಿ ಯಾರೂ ನಿಶ್ಚಿಂತೆಯಿಂದ ನಿಲ್ಲಲಾರರು. ಎಂದರೆ ಓಡಾಟಕ್ಕಿರುವ ನೆಲದ ಆರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಬಾಗಿಲೊಂದೇ ಕಾದಿರಿಸಿಕೊಂಡಿದೆ. ಇದನ್ನು ಗೋಡೆಗೆ ಒತ್ತಿಕೊಂಡು ಜಾರುವ ಬಾಗಿಲಾಗಿ ಬದಲಿಸಿ, ಅಥವಾ ಹೊರಕ್ಕೆ ತೆರೆಯುವಂತೆ ತಿರುಗಿಸಿ. ಹೊಗೆ ಮತ್ತು ವಾಸನೆಯನ್ನು ತಡೆಯಲೇಬೇಕಾದ ಅಗತ್ಯವಿಲ್ಲದಿದ್ದರೆ ಬಾಗಿಲನ್ನು ಕಳಚಿ ಚೌಕಟ್ಟನ್ನಷ್ಟೇ ಉಳಿಸಿಕೊಂಡರೂ ಆಯಿತು. ಈ ಇಡೀ ಉತ್ತರದಲ್ಲಿ ಅತ್ಯಂತ ಕಡಿಮೆ ಶ್ರಮಕ್ಕೆ ಅತ್ಯಂತ ಹೆಚ್ಚು ಫಲ ಕೊಡುವ ಬದಲಾವಣೆ ಇದೇ ಎಂಬುದು ನನ್ನ ಅಭಿಪ್ರಾಯ.

ನಿಮ್ಮದಕ್ಕಿಂತಲೂ ಕಿರಿದಾದ ಅಡುಗೆಮನೆಯೊಂದು ವಾಸ್ತುಶಿಲ್ಪದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಅವರು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿ ಬಡಾವಣೆಗಳಿಗಾಗಿ ರೂಪಿಸಿದ ಆ ಅಡುಗೆಮನೆಯ ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಉದ್ದದಲ್ಲಿ ನಿಮ್ಮದಕ್ಕಿಂತ ಎರಡು ಅಡಿ ಹೆಚ್ಚಾದರೂ ಅಗಲದಲ್ಲಿ ನಿಮ್ಮದಕ್ಕಿಂತ ಅರ್ಧ ಅಡಿಗೂ ಹೆಚ್ಚು ಕಡಿಮೆ. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಅಳವಡಿಸಲಾಯಿತು. ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ಮಾದರಿಯಾಗಿ ಇಟ್ಟುಕೊಂಡು, ಕೆಲಸ ಮಾಡುವವರ ಹೆಜ್ಜೆಗಳನ್ನು ಲೆಕ್ಕಹಾಕಿ ರಚಿಸಿದ ವಿನ್ಯಾಸ ಅದು. ಅದರಲ್ಲಿ ಪಕ್ಕದ ಕೋಣೆಗೆ ಜಾರುವ ಬಾಗಿಲಿತ್ತು, ಕಿಟಕಿಯ ಕೆಳಗೇ ಕೂತು ಕೆಲಸ ಮಾಡಲು ಮೇಜಿತ್ತು, ಚಾವಣಿಯ ಹಳಿಯ ಮೇಲೆ ಬೇಕಾದಲ್ಲಿಗೆ ಎಳೆದುಕೊಳ್ಳಬಹುದಾದ ದೀಪವಿತ್ತು, ಒಣ ಸಾಮಗ್ರಿಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಪೆಟ್ಟಿಗೆಗಳಿದ್ದವು. ಗಮನಿಸಿ, ಇವುಗಳಲ್ಲಿ ಯಾವುದೂ ಅಲಂಕಾರವಲ್ಲ. ಜಾಗ ಉಳಿದದ್ದು ಬಾಗಿಲು, ದೀಪ, ಮೇಜು, ಪೆಟ್ಟಿಗೆಗಳ ಸ್ಥಾನದಿಂದ. ಅದೇ ಅಡುಗೆಮನೆಯ ಮೇಲೆ ನ್ಯಾಯವಾದ ಆಕ್ಷೇಪವೂ ಬಂತು: ಅಲ್ಲಿ ಒಬ್ಬರು ಮಾತ್ರ ಕೆಲಸ ಮಾಡಬಹುದಿತ್ತು, ಮತ್ತು ಆ ಒಬ್ಬರು ಮನೆಯ ಉಳಿದವರಿಂದ ದೂರವಾಗಿಬಿಡುತ್ತಿದ್ದರು. ಇಬ್ಬರು ನಿಲ್ಲಬೇಕೆಂಬ ನಿಮ್ಮ ಅಪೇಕ್ಷೆಗೆ ಆ ನಕ್ಷೆಯೊಂದೇ ಸಾಲದು.

ಹಾಗಾದರೆ ಇಬ್ಬರಿಗೆ ಎಷ್ಟು ಓಣಿ ಬೇಕು? ಅಮೆರಿಕದ ನ್ಯಾಷನಲ್ ಕಿಚನ್ ಅಂಡ್ ಬಾತ್ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಒಬ್ಬರು ಅಡುಗೆ ಮಾಡುವ ಕಡೆ ಕಟ್ಟೆಗಳ ನಡುವೆ 42 ಇಂಚನ್ನೂ, ಇಬ್ಬರು ಮಾಡುವ ಕಡೆ 48 ಇಂಚನ್ನೂ ಸೂಚಿಸುತ್ತದೆ. ನಿಮ್ಮಲ್ಲಿ ಇರುವುದು 36 ಇಂಚು. ಒಂದು ಬದಿಯ ಕಟ್ಟೆಯನ್ನು 24 ಇಂಚಿನಿಂದ 16 ಇಂಚಿಗೆ ಇಳಿಸಿದರೆ ಓಣಿ 44 ಇಂಚಾಗುತ್ತದೆ. ಇಬ್ಬರಿಗೆ ಹೇಳಿದ ಅಳತೆಗೆ ಇನ್ನೂ ನಾಲ್ಕು ಇಂಚು ಕಡಿಮೆಯೇ, ಆದರೆ ಒಬ್ಬರು ಕೆಲಸ ಮಾಡುತ್ತಿರುವಾಗ ಇನ್ನೊಬ್ಬರು ಪಕ್ಕಕ್ಕೆ ವಾಲದೆ ಅವರ ಹಿಂದಿನಿಂದ ಹಾದುಹೋಗಬಹುದು. ಕಟ್ಟೆ ಚಿಕ್ಕದಾದರೆ ಸಾಮಾನು ಇಡುವ ಜಾಗ ಹೋಗುತ್ತದಲ್ಲ ಎಂದು ನಿಮಗೆ ಅನ್ನಿಸಬಹುದು. ಎರಡಡಿ ಆಳದ ಕೆಳಕಪಾಟಿನ ಹಿಂಭಾಗದಲ್ಲಿ ಏನಿದೆ ಎಂದು ಒಮ್ಮೆ ತೆಗೆದು ನೋಡಿ. ಬಹುಪಾಲು ಮನೆಗಳಲ್ಲಿ ಅಲ್ಲಿರುವುದು ಮರೆತುಹೋದ ವಸ್ತುಗಳು. ದೊಡ್ಡ ಊಟದ ತಟ್ಟೆಯೂ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದೇ ಆದ್ದರಿಂದ 16 ಇಂಚಿನ ಆಳ ದಿನಬಳಕೆಯ ಪಾತ್ರೆಗಳಿಗೆ ಧಾರಾಳವಾಗಿ ಸಾಕು.

ಯಾವ ಬದಿಯನ್ನು ಕಿರಿದುಮಾಡಬೇಕೆಂಬುದು ಒಲೆ ಮತ್ತು ಸಿಂಕ್ ಎಲ್ಲಿವೆ ಎಂಬುದನ್ನು ಅವಲಂಬಿಸಿದೆ. ನೀವು ಅದನ್ನು ಬರೆದಿಲ್ಲ. ಎರಡೂ ಒಂದೇ ಬದಿಯಲ್ಲಿದ್ದರೆ ಕೆಲಸ ಸುಲಭ: ಎದುರಿನ ಬದಿಯನ್ನು ಕಿರಿದುಮಾಡಿ, ಅದನ್ನು ದಾಸ್ತಾನಿಗೂ ಹಗುರ ಕೆಲಸಗಳಿಗೂ ಮೀಸಲಿಡಿ. ಎದುರುಬದುರಾಗಿದ್ದರೆ ಒಲೆಯನ್ನು ಸಿಂಕ್ ಇರುವ ಬದಿಗೆ ತರುವುದು ಮೇಲು. ಸಿಂಕ್‌ನ ಕೊಳವೆಗೆ ಇಳಿಜಾರು ಬೇಕಾಗುವುದರಿಂದ ಅದನ್ನು ಮನಬಂದಂತೆ ಸರಿಸಲಾಗುವುದಿಲ್ಲ; ಒಲೆಯನ್ನು ಸರಿಸುವುದು ಅದಕ್ಕಿಂತ ಸರಳ, ಆದರೆ ಅನಿಲದ ಜೋಡಣೆಯನ್ನು ಪರವಾನಗಿ ಇರುವ ತಂತ್ರಜ್ಞರಿಂದಲೇ ಮಾಡಿಸಬೇಕು. ಒಲೆ ಸಿಂಕ್‌ಗೆ ಅಂಟಿಕೊಂಡಿರಕೂಡದು. ಎರಡರ ನಡುವೆ ಮೂರಡಿ ಖಾಲಿ ಕಟ್ಟೆ ಉಳಿಯಲಿ. ಹೆಚ್ಚುವುದು, ಕಲೆಸುವುದು, ಬಡಿಸಲು ಅಣಿಮಾಡುವುದು ಎಲ್ಲವೂ ನಡೆಯುವ ಜಾಗ ಅದೇ. ಗಾಳಿಗೆ ಉರಿ ಹೊಯ್ದಾಡುವುದರಿಂದ ಒಲೆಯನ್ನು ತೆರೆದ ಕಿಟಕಿಯ ನೇರ ಕೆಳಗೆ ಇರಿಸಬೇಡಿ.

ಫ್ರಿಜ್ ನಿಮ್ಮ ಅಡುಗೆಮನೆಯ ಇನ್ನೊಂದು ಅಡಚಣೆ. ಸಾಮಾನ್ಯ ಫ್ರಿಜ್‌ಗಳ ಆಳ ಎರಡಡಿಗಿಂತ ಹೆಚ್ಚಿರುತ್ತದೆ, ಹಿಂದೆ ಗಾಳಿಯಾಡಲು ಜಾಗವನ್ನೂ ಬಿಡಬೇಕಾಗುತ್ತದೆ. ಹೀಗಾಗಿ ಅದು ಕಟ್ಟೆಯ ಅಂಚನ್ನು ದಾಟಿ ಓಣಿಗೆ ಮೂಗು ಚಾಚುತ್ತದೆ. ಬಾಗಿಲ ಬಳಿ ನಿಂತವರ ಕಣ್ಣಿಗೆ ಮೊದಲು ಬೀಳುವುದೂ ಅದರ ಎತ್ತರದ ಪಕ್ಕೆಯೇ. ಬಾಗಿಲಾಚೆ, ಎರಡು ಹೆಜ್ಜೆಯೊಳಗೆ ಅದಕ್ಕೊಂದು ಸ್ಥಳ ಸಿಗುವಂತಿದ್ದರೆ ಹೊರಗಿಡಿ. ನಿಮಗೆ ಎರಡಡಿ ಕಟ್ಟೆಯೂ ದಕ್ಕುತ್ತದೆ, ಬಾಗಿಲಿನಿಂದ ಕಿಟಕಿಯವರೆಗೆ ನೇರ ನೋಟವೂ ದಕ್ಕುತ್ತದೆ. ಹೊರಗಿಡಲು ಆಗದಿದ್ದರೆ ಅದು ಈಗಿರುವ ತುದಿಯಲ್ಲೇ ಇರಲಿ; ಕಿಟಕಿಯ ಬದಿಗೆ ಒಯ್ದರೆ ಬೆಳಕಿಗೆ ಅಡ್ಡವಾಗುತ್ತದೆ. ಹಲವು ಫ್ರಿಜ್‌ಗಳ ಬಾಗಿಲಿನ ತಿರುಗಣಿಯನ್ನು ಎಡದಿಂದ ಬಲಕ್ಕೆ ಬದಲಿಸಲು ಅವಕಾಶವಿರುತ್ತದೆ. ತೆರೆದ ಬಾಗಿಲು ಕೆಲಸ ಮಾಡುವವರ ಕಡೆಗೆ ಅಡ್ಡಗೋಡೆಯಾಗಿ ನಿಲ್ಲದಂತೆ ಅದನ್ನು ಹೊಂದಿಸಿಕೊಳ್ಳಿ.

ಇನ್ನು ನೋಟದ ವಿಷಯ. ಕೋಣೆಯ ಅಗಲವನ್ನು ನಾವು ಮುಖ್ಯವಾಗಿ ಕಣ್ಣಿನ ಮಟ್ಟದಲ್ಲಿ ಅಂದಾಜಿಸುತ್ತೇವೆ, ಪಾದದ ಮಟ್ಟದಲ್ಲಲ್ಲ. ಎರಡೂ ಬದಿಯಲ್ಲಿ ಒಂದೊಂದು ಅಡಿ ಆಳದ ಮೇಲ್ಕಪಾಟುಗಳಿದ್ದಾಗ ನಿಮ್ಮ ಏಳಡಿಯ ಕೋಣೆ ಕಣ್ಣಿಗೆ ಐದಡಿಯದಾಗಿಬಿಡುತ್ತದೆ. ಅವು ಕಡು ಕಂದಾಗಿದ್ದರೆ ಇನ್ನೂ ಹತ್ತಿರಕ್ಕೆ ಬಂದಂತೆ ತೋರುತ್ತವೆ. ಒಂದು ಬದಿಯ ಮೇಲ್ಕಪಾಟುಗಳನ್ನು ಪೂರ್ತಿಯಾಗಿ ಇಳಿಸಿಬಿಡಿ ಎಂಬುದು ನನ್ನ ಸಲಹೆ. ಅರ್ಧಂಬರ್ಧ ಇಳಿಸಿ ನಡುನಡುವೆ ಒಂದೆರಡು ಉಳಿಸಿಕೊಂಡರೆ ಗೋಡೆ ತುಂಡುತುಂಡಾಗಿ ಕಾಣುತ್ತದೆ, ಇಳಿಸಿದ್ದರ ಪ್ರಯೋಜನವೂ ಹೋಗುತ್ತದೆ. ಕಿರಿದುಮಾಡಿದ ಕಟ್ಟೆಯ ಬದಿಯೇ ಇದಕ್ಕೆ ತಕ್ಕದ್ದು, ಏಕೆಂದರೆ ಅಗಲ ಕಡಿಮೆಯಾದ ಕಟ್ಟೆಯ ಮೇಲೆ ಕಪಾಟಿದ್ದರೆ ತಲೆಗೆ ತಾಗುವಷ್ಟು ಮುಂದಕ್ಕೆ ಬಂದಿರುತ್ತದೆ. ಕಳೆದುಕೊಂಡ ಜಾಗಕ್ಕೆ ಪ್ರತಿಯಾಗಿ ಎದುರು ಬದಿಯ ಕಪಾಟುಗಳನ್ನು ಚಾವಣಿಯವರೆಗೂ ಏರಿಸಿ. ಕಪಾಟಿನ ನೆತ್ತಿಗೂ ಚಾವಣಿಗೂ ನಡುವೆ ಬಿಟ್ಟ ಒಂದೂವರೆ ಅಡಿಯಲ್ಲಿ ಜಿಡ್ಡು ಮತ್ತು ಧೂಳು ಕೂರುವುದಲ್ಲದೆ ಕೋಣೆಯ ಎತ್ತರವೂ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಕಪಾಟು ಚಾವಣಿಯನ್ನು ಮುಟ್ಟಿದಾಗ ಕಣ್ಣು ಅದನ್ನೇ ಗೋಡೆಯೆಂದು ಸ್ವೀಕರಿಸುತ್ತದೆ. ವರ್ಷಕ್ಕೆ ಒಂದೆರಡು ಬಾರಿ ಬೇಕಾಗುವ ಪಾತ್ರೆಗಳಿಗೆ ಆ ಮೇಲಿನ ಅಂಕಣ ಸರಿಯಾದ ಜಾಗ.

ಕಪಾಟು ಇಳಿಸಿದ ಗೋಡೆಗೆ ತೆರೆದ ಹಲಗೆಗಳನ್ನು ಹಾಕಬಹುದೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಚಿತ್ರಗಳಲ್ಲಿ ಅವು ಬಹಳ ಸೊಗಸಾಗಿ ಕಾಣುತ್ತವೆ. ಚಿತ್ರದಲ್ಲಿ ಯಾರೂ ಹುರಿಯುವುದಿಲ್ಲ, ಕರಿಯುವುದಿಲ್ಲ. ನಿಜವಾದ ಅಡುಗೆಮನೆಯಲ್ಲಿ ಎಣ್ಣೆಯ ಆವಿ ತೆರೆದಿಟ್ಟ ಎಲ್ಲದರ ಮೇಲೂ ತೆಳ್ಳಗೆ ಕೂರುತ್ತದೆ, ಅದರ ಮೇಲೆ ಧೂಳು ಹಿಡಿಯುತ್ತದೆ. ಪ್ರತಿದಿನ ಬಳಸಿ ತೊಳೆಯುವ ತಟ್ಟೆ ಲೋಟಗಳಿಗೆ ಮಾತ್ರ, ಒಲೆಯಿಂದ ದೂರದಲ್ಲಿ, ಏಳೆಂಟು ಇಂಚು ಅಗಲದ ಒಂದೇ ಒಂದು ಹಲಗೆ ಸಾಕು. ಗಾಜಿನ ಬಾಗಿಲಿನ ಕಪಾಟೂ ಕೋಣೆಗೆ ಆಳ ಕೊಡುತ್ತದೆ ಎನ್ನುವುದು ನಿಜವೇ, ಆದರೆ ಒಳಗಿನ ಗೊಂದಲವನ್ನೂ ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ.

ಕೆಳಕಪಾಟುಗಳಲ್ಲಿ ಬಾಗಿಲು ಮತ್ತು ಹಲಗೆಗಳ ಬದಲು ಪೂರ್ತಿ ಹೊರಕ್ಕೆ ಬರುವ ಡ್ರಾಯರ್‌ಗಳನ್ನು ಮಾಡಿಸಿ. ಬಾಗಿಲಿನ ಕಪಾಟಿನಲ್ಲಿ ಹಿಂದಿನ ಪಾತ್ರೆ ಬೇಕಾದರೆ ಮೊದಲು ಬಾಗಿಲು ತೆರೆದು, ನೆಲಕ್ಕೆ ಕುಕ್ಕರಿಸಿ, ಮುಂದಿನದನ್ನು ಹೊರಗಿಟ್ಟು, ಕೈ ಚಾಚಬೇಕು. ಈ ಅಷ್ಟೂ ಹೊತ್ತು ಓಣಿ ಬಂದ್. ಡ್ರಾಯರ್ ಕೂಡ ಹೊರಬಂದಾಗ ಓಣಿಯನ್ನು ಆಕ್ರಮಿಸುತ್ತದೆ, ಆದರೆ ಕ್ಷಣಮಾತ್ರ. ನಿಂತಲ್ಲಿಂದಲೇ ಮೇಲಿನಿಂದ ನೋಡಿ ಬೇಕಾದ್ದನ್ನು ಎತ್ತಿಕೊಂಡು ಮುಚ್ಚಬಹುದು. ಹಿಡಿಕೆಗಳು ಹೊರಕ್ಕೆ ಚಾಚಿಕೊಂಡಿರದೆ ಅಂಚಿನಲ್ಲೇ ಬೆರಳು ಹಾಕಿ ಎಳೆಯುವಂತಿರಲಿ, ಇಲ್ಲವಾದರೆ ಕಿರಿದಾದ ಓಣಿಯಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ಇಡೀ ಕಪಾಟನ್ನು ಬದಲಿಸುವ ಇರಾದೆಯಿಲ್ಲದಿದ್ದರೆ ಈಗಿರುವ ಕಪಾಟಿನ ಬಾಗಿಲೊಳಗೇ ಎಳೆಯುವ ತಂತಿಬುಟ್ಟಿಗಳನ್ನು ಕೂರಿಸಬಹುದು.

ಕಟ್ಟೆಯ ಮೇಲಿನ ಸಾಮಾನುಗಳ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗುತ್ತದೆ. ಅಡುಗೆಮನೆ ದೊಡ್ಡದೆನಿಸುವುದಕ್ಕೆ ಕಟ್ಟೆಯ ಒಟ್ಟು ಉದ್ದಕ್ಕಿಂತ ಅದರಲ್ಲಿ ಎಡೆಬಿಡದೆ ಖಾಲಿಯಿರುವ ಉದ್ದ ಮುಖ್ಯ. ಮೂರು ಕಡೆ ಒಂದೊಂದು ಅಡಿ ಖಾಲಿಯಿರುವುದಕ್ಕೂ ಒಂದೇ ಕಡೆ ಮೂರಡಿ ಖಾಲಿಯಿರುವುದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಬಳಕೆಯಲ್ಲಿ ಬಹಳ ಇದೆ. ಕಟ್ಟೆಯ ಮೇಲಿರುವುದೆಲ್ಲವನ್ನೂ ಒಂದು ದಿನ ಪಕ್ಕದ ಕೋಣೆಗೆ ಸಾಗಿಸಿ, ಬೇಕಾದಾಗ ಮಾತ್ರ ಒಂದೊಂದಾಗಿ ತಂದುಕೊಳ್ಳಿ. ವಾರ ಕಳೆದ ಮೇಲೂ ಹೊರಗೇ ಉಳಿದದ್ದು ಕಪಾಟಿಗೆ ಹೋಗಬೇಕು ಅಥವಾ ಮನೆಯಿಂದಲೇ ಹೋಗಬೇಕು. ದಿನವೂ ಬಳಸುವ ಯಂತ್ರಗಳನ್ನು ಒಂದೇ ಮೂಲೆಯಲ್ಲಿ, ಪ್ಲಗ್ ಇರುವಲ್ಲಿ, ಒತ್ತಾಗಿ ನಿಲ್ಲಿಸಿ. ಚಾಕು, ಸೌಟುಗಳಿಗೆ ಗೋಡೆಯ ಮೇಲೊಂದು ಅಡ್ಡಸರಳು ಸಾಕು. ಸಿಂಕ್ ಮೇಲೆ ಹೊಂದಿಕೂರುವ ಹಲಗೆಯೊಂದನ್ನು ಮಾಡಿಸಿಕೊಂಡರೆ, ತೊಳೆಯುವ ಕೆಲಸವಿಲ್ಲದ ಹೊತ್ತಿನಲ್ಲಿ ಇನ್ನೂ ಒಂದೂವರೆ ಎರಡು ಅಡಿ ಕಟ್ಟೆ ಸಿಕ್ಕಂತಾಗುತ್ತದೆ.

ಈಗ ಬೆಳಕು. ಚಾವಣಿಯ ನಡುವೆ ಒಂದೇ ದೀಪವಿರುವುದು ನಿಮ್ಮ ಅಡುಗೆಮನೆಯ ದೊಡ್ಡ ದೋಷಗಳಲ್ಲೊಂದು. ನೀವು ಕಟ್ಟೆಗೆ ಮುಖಮಾಡಿ ನಿಂತಾಗ ದೀಪ ನಿಮ್ಮ ಬೆನ್ನ ಹಿಂದಿರುತ್ತದೆ, ಹೆಚ್ಚುವ ಹಲಗೆಯ ಮೇಲೆ ನಿಮ್ಮದೇ ನೆರಳು ಬೀಳುತ್ತದೆ. ಮೇಲ್ಕಪಾಟಿನ ಅಡಿಭಾಗವೂ ಮೂಲೆಗಳೂ ಕತ್ತಲಲ್ಲಿ ಉಳಿಯುತ್ತವೆ. ಕತ್ತಲಾದ ಮೂಲೆಯನ್ನು ಕಣ್ಣು ಕೋಣೆಯ ಭಾಗವೆಂದೇ ಎಣಿಸದೆ ಬಿಡುತ್ತದೆ. ಮೇಲ್ಕಪಾಟುಗಳ ಅಡಿಗೆ ಎಲ್ಇಡಿ ಪಟ್ಟಿಗಳನ್ನು ಹಾಕಿಸಿ. ಅವು ಗೋಡೆಗೆ ಅಂಟಿದ ಹಿಂಬದಿಯಲ್ಲಿರದೆ ಕಪಾಟಿನ ಮುಂದಿನ ಅಂಚಿನ ಹತ್ತಿರ, ಸಣ್ಣ ಪಟ್ಟಿಯೊಂದರ ಮರೆಯಲ್ಲಿ ಇರಬೇಕು. ಹಿಂದಿದ್ದರೆ ಗೋಡೆಯಷ್ಟೇ ಬೆಳಗುತ್ತದೆ, ಕಟ್ಟೆಯ ಮುಂಭಾಗಕ್ಕೆ ಬೆಳಕು ಸಾಲದು. ಹಾಲುಬಣ್ಣದ ಮುಚ್ಚಳವಿರುವ ಪಟ್ಟಿಗಳನ್ನು ಆರಿಸಿದರೆ ನುಣುಪಾದ ಕಲ್ಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಪ್ರತಿಫಲನ ಕಾಣುವುದಿಲ್ಲ. ಕೆಲಸ ಮಾಡುವ ಜಾಗದ ಮೇಲೆ 300ರಿಂದ 500 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕಿದ್ದರೆ ಸಾಕು. ಕಪಾಟು ಇಳಿಸಿದ ಬದಿಯಲ್ಲಿ ಚಾವಣಿಯಿಂದ ಗೋಡೆಯ ಮೇಲೆ ಬೆಳಕು ಇಳಿಯುವಂತೆ ಎರಡು ಮೂರು ಚಿಕ್ಕ ದೀಪಗಳನ್ನು ಇರಿಸಿ, ಏಕೆಂದರೆ ಬೆಳಗಿದ ಗೋಡೆ ದೂರ ಸರಿದಂತೆ ಕಾಣುತ್ತದೆ. ಎಲ್ಲ ದೀಪಗಳ ವರ್ಣತಾಪ, ಅಂದರೆ ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುವ ಅಳತೆ, ಒಂದೇ ಆಗಿರಲಿ, 3000 ಕೆಲ್ವಿನ್ ಆದರೆ ಎಲ್ಲವೂ 3000, 4000 ಆದರೆ ಎಲ್ಲವೂ 4000. ಒಂದು ಹಳದಿ, ಇನ್ನೊಂದು ನೀಲಿ ಛಾಯೆಯ ಬೆಳಕಿದ್ದರೆ ಚಿಕ್ಕ ಕೋಣೆ ಎರಡಾಗಿ ಸೀಳಿದಂತಿರುತ್ತದೆ. ಪೊಟ್ಟಣದ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚೆಂದು ನಮೂದಿಸಿರುವ ದೀಪಗಳಲ್ಲಿ ಪದಾರ್ಥಗಳ ಬಣ್ಣ ಸಹಜವಾಗಿ ಕಾಣುತ್ತದೆ. ಹಗಲಿಗೆ ನಿಮಗೆ ಕಿಟಕಿಯೇ ಇದೆ. ಅದರ ಹಲಗೆಯ ಮೇಲಿನ ಡಬ್ಬಿ, ಬಾಟಲಿ, ಒರೆಸುವ ಬಟ್ಟೆಗಳನ್ನು ತೆಗೆದುಬಿಡಿ.

ಬಣ್ಣದ ವಿಷಯದಲ್ಲಿ ನಿಮಗೆ ಸಲಹೆ ಕೊಟ್ಟವರು ಪೂರ್ತಿ ತಪ್ಪಿಲ್ಲ. ಚಾವಣಿ ಮಾತ್ರ ತಿಳಿಯಾಗಿದ್ದು ಗೋಡೆಗಳು ಗಾಢವಾಗಿದ್ದರೆ ಕೋಣೆ ಎತ್ತರವಾಗಿ ಕಾಣುತ್ತದೆ ಎಂಬ ಮಾತು ಅಲಂಕಾರದ ಪುಸ್ತಕಗಳಲ್ಲಿ ಬಹುಕಾಲದಿಂದ ಇತ್ತು. ಜರ್ಮನಿಯ ಮೈನ್ಜ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದದ್ದು ಬೇರೆ: ಚಾವಣಿ ತಿಳಿಯಾದಷ್ಟೂ ಕೋಣೆ ಎತ್ತರವೆನಿಸಿತು, ಗೋಡೆಗಳು ತಿಳಿಯಾದಷ್ಟೂ ಎತ್ತರವೆನಿಸಿತು, ನೆಲದ ಬಣ್ಣದಿಂದ ಎತ್ತರದ ಭಾವನೆಯಲ್ಲಿ ವ್ಯತ್ಯಾಸವಾಗಲಿಲ್ಲ. ಆದ್ದರಿಂದ ನಿಮ್ಮ ಗೋಡೆ, ಚಾವಣಿ, ಉಳಿಯುವ ಮೇಲ್ಕಪಾಟು ಮೂರನ್ನೂ ಒಂದೇ ತಿಳಿಬಣ್ಣಕ್ಕೆ ತನ್ನಿ. ನೆಲವನ್ನೂ ಕೆಳಕಪಾಟನ್ನೂ ನಿಮಗೆ ಇಷ್ಟವಾದಷ್ಟು ಗಾಢವಾಗಿ ಇಟ್ಟುಕೊಳ್ಳಬಹುದು. ಅಚ್ಚ ಬಿಳಿಯೇ ಆಗಬೇಕೆಂದಿಲ್ಲ. ಬಣ್ಣದ ಕಂಪನಿಗಳ ಪಟ್ಟಿಯಲ್ಲಿ ಪ್ರತಿ ಬಣ್ಣಕ್ಕೂ ಅದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು ಸೊನ್ನೆಯಿಂದ ನೂರರವರೆಗಿನ ಎಲ್‌ಆರ್‌ವಿ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಕೊಟ್ಟಿರುತ್ತಾರೆ. 70ಕ್ಕಿಂತ ಮೇಲಿನ ಕೆನೆಬಣ್ಣ, ತಿಳಿಬೂದು, ತಿಳಿಹಸಿರು ಯಾವುದಾದರೂ ಆದೀತು. ಮಿರುಗುವ ಮೇಲ್ಮೈ ಬೆಳಕನ್ನು ಹೆಚ್ಚು ಚಿಮ್ಮಿಸುತ್ತದೆ, ಬೆರಳಚ್ಚನ್ನೂ ಹೆಚ್ಚು ತೋರಿಸುತ್ತದೆ. ಮಂದ ಹೊಳಪಿನದು ವಾಸಿ. ಕಟ್ಟೆಯ ಹಿಂದಿನ ಗೋಡೆಗೆ ಕನ್ನಡಿ ಹಾಕುವ ಸಲಹೆಯನ್ನು ನಾನು ಕೊಡುವುದಿಲ್ಲ: ಒಲೆಯ ಬಿಸಿಗೆ ಸಾಮಾನ್ಯ ಗಾಜು ಬಿರಿಯಬಹುದು, ಜಿಡ್ಡು ನಿತ್ಯದ ಕೆಲಸವಾಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡಿ ಕಟ್ಟೆಯ ಮೇಲಿನ ಸಾಮಾನುಗಳನ್ನು ಎರಡರಷ್ಟು ಮಾಡಿ ತೋರಿಸುತ್ತದೆ.

ನೆಲದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹೊಸ ಟೈಲ್ಸ್ ಹಾಕಿಸುವುದಾದರೆ ಪಕ್ಕದ ಕೋಣೆಯದನ್ನೇ ಮುಂದುವರಿಸಿ, ಸಂದುಗೆರೆಗಳ ಬಣ್ಣ ಟೈಲ್ಸ್‌ಗೆ ಹೊಂದುವಂತಿರಲಿ. ಕೆಳಕಪಾಟುಗಳ ಬುಡದಲ್ಲಿ ನಾಲ್ಕು ಇಂಚು ಎತ್ತರ, ಮೂರು ಇಂಚು ಆಳದ ಒಳಸರಿತವಿದ್ದರೆ ಪಾದ ಒಳಗೆ ಹೋಗುವುದರಿಂದ ಕಟ್ಟೆಗೆ ಹತ್ತಿರ ನಿಲ್ಲಬಹುದು.

ಗಾಳಿಯನ್ನು ಈ ಲೆಕ್ಕದಿಂದ ಹೊರಗಿಡಬೇಡಿ. ನೀವು ಬರೆದ ಉಸಿರು ಕಟ್ಟಿದಂತಾಗುವ ಅನುಭವದಲ್ಲಿ ಒಂದು ಪಾಲು ಅಳತೆಯದ್ದಾದರೆ ಇನ್ನೊಂದು ಪಾಲು ಬಿಸಿ ಮತ್ತು ಹಬೆಯದ್ದಿರಬಹುದು. ಗಾಳಿಯನ್ನು ಹೊರಕ್ಕೆ ತಳ್ಳುವ ಫ್ಯಾನ್ ಅಥವಾ ಚಿಮಣಿ ಒಲೆಯ ಹತ್ತಿರವೇ ಇರಲಿ. ಅನಿಲದ ಒಲೆಯ ಮೇಲೆ ಚಿಮಣಿಯನ್ನು ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸುತ್ತಾರೆ, ತಯಾರಕರ ಸೂಚನೆ ಬೇರೆ ಇದ್ದರೆ ಅದನ್ನೇ ಅನುಸರಿಸಿ. ಬಾಗಿಲನ್ನು ಬಿಗಿಯಾಗಿ ಮುಚ್ಚಿ ಫ್ಯಾನ್ ಹಾಕಿದರೆ ಒಳಬರುವ ಗಾಳಿಗೆ ದಾರಿಯಿಲ್ಲದೆ ಅದು ಸುಮ್ಮನೆ ತಿರುಗುತ್ತದೆ.

ಕೊನೆಗೆ ಗೋಡೆ. ನಿಮ್ಮ ನಕ್ಷೆಯಲ್ಲಿ ಹಾಲ್ ಕಡೆಗಿರುವುದು ಉದ್ದದ ಗೋಡೆಯಾದರೆ, ಅದನ್ನು ಒಡೆದಾಗ ಒಂದು ಬದಿಯ ದಾಸ್ತಾನು ಪೂರ್ತಿ ಹೋಗುತ್ತದೆ, ಅಡುಗೆಯ ವಾಸನೆ ಮತ್ತು ಸದ್ದು ಇಡೀ ಮನೆಗೆ ಹರಡುತ್ತದೆ, ಕಟ್ಟೆಯ ಮೇಲಿನ ಅವ್ಯವಸ್ಥೆ ಬಂದವರೆಲ್ಲರಿಗೂ ಕಾಣುತ್ತದೆ. ಮೇಲೆ ಹೇಳಿದ್ದನ್ನೆಲ್ಲ ಮಾಡಿದ ಮೇಲೂ ಇಕ್ಕಟ್ಟು ಕಾಡಿದರೆ, ಕಪಾಟು ಇಳಿಸಿದ ಬದಿಯಲ್ಲಿ ಕಟ್ಟೆಯ ಮಟ್ಟದಿಂದ ಮೇಲಕ್ಕೆ ಮೂರು ನಾಲ್ಕು ಅಡಿ ಅಗಲದ ಕಿಂಡಿಯೊಂದನ್ನು ತೆರೆಸಿ. ನೋಟ ಆಚೆ ಕೋಣೆಯವರೆಗೆ ಹರಿಯುತ್ತದೆ, ಒಳಗಿರುವವರು ಹೊರಗಿನವರೊಡನೆ ಮಾತಾಡಬಹುದು, ಕೆಳಗಿನ ಡ್ರಾಯರ್‌ಗಳೂ ಉಳಿಯುತ್ತವೆ. ಆದರೆ ಗೋಡೆ ಕಟ್ಟಡದ ಭಾರ ಹೊತ್ತಿದೆಯೇ, ಅದರೊಳಗೆ ತಂತಿ ಅಥವಾ ಕೊಳವೆ ಹಾದಿದೆಯೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನೋಡಿ ಹೇಳುವವರೆಗೆ ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ. ಚಿಕ್ಕ ಕಿಂಡಿಗೂ ಮೇಲೆ ತೊಲೆಯ ಆಧಾರ ಬೇಕು.

ಕೆಲಸದ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ಬಾಗಿಲು, ಫ್ರಿಜ್ ಮತ್ತು ಕಟ್ಟೆಯ ಮೇಲಿನ ಸಾಮಾನುಗಳನ್ನು ಮೊದಲು ಸರಿಪಡಿಸಿ ಒಂದು ತಿಂಗಳು ಬಳಸಿ ನೋಡಿ. ಕಟ್ಟೆಯನ್ನು ಕತ್ತರಿಸುವ ಅಗತ್ಯವೇ ಬೀಳದಿರಬಹುದು. ಮೇಲ್ಕಪಾಟುಗಳ ಬಾಗಿಲುಗಳನ್ನಷ್ಟೇ ಬಿಚ್ಚಿಟ್ಟು, ಒಂದು ಬದಿಯನ್ನು ಖಾಲಿ ಮಾಡಿ, ಅಲ್ಲಿದ್ದುದೆಲ್ಲ ಎದುರು ಬದಿಯಲ್ಲಿ ಹಿಡಿಸುತ್ತದೆಯೇ ಎಂದೂ ಅದೇ ಅವಧಿಯಲ್ಲಿ ತಿಳಿದುಕೊಳ್ಳಿ. ದೀಪಗಳಿಗೆ ತಂತಿ ಎಳೆಯಲು ಗೋಡೆಯನ್ನು ಕೊರೆಯಬೇಕಾಗುವುದರಿಂದ ವಿದ್ಯುತ್ ಕೆಲಸ ಮುಗಿದ ಮೇಲೆಯೇ ಬಣ್ಣದವರನ್ನು ಕರೆಯಿರಿ.